ಕೊಂಬಿನ ಗೂಬೆಯ ಗೂಡಿನ ಜಾಗವನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು?

ಪ್ರಶ್ನೆ: ಬಯಲುಸೀಮೆಯವನು

ತುಮಕೂರು ಜಿಲ್ಲೆಯಲ್ಲಿ, ಕೆಲಸ ನಿಂತು ಕೆಲವು ವರ್ಷಗಳಾದ ಒಂದು ಕಲ್ಲುಗಣಿಯ ಒಳಗೋಡೆಯಲ್ಲಿ ಕೊಂಬಿನ ಗೂಬೆಯ ಜೋಡಿಯೊಂದು ಈ ವರ್ಷ ಮರಿ ಮಾಡಿದೆ. ಗಣಿಯ ಒಂದು ಪಕ್ಕಕ್ಕೆ ಕೆರೆಯ ಕೋಡಿಯಿದೆ, ಇನ್ನೊಂದು ಪಕ್ಕದ ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳ ಸಾಲಿದೆ. ಗೂಡು ಎಂದು ಕರೆಯುವಂಥದ್ದೇನೂ ಅಲ್ಲಿಲ್ಲ. ಆಳೆತ್ತರಕ್ಕಿಂತ ಸ್ವಲ್ಪವೇ ಮೇಲಿರುವ ಬಂಡೆಯ ಚಾಚಿನ ಮೇಲೆ ಮಣ್ಣು ಕೆದರಿ ಮಾಡಿಕೊಂಡ ಒಂದು ತಗ್ಗು, ಅದರ ಅಂಚಿನಿಂದ ಇಳಿದ ಹಿಕ್ಕೆಯ ಬಿಳಿ ಗೆರೆಗಳು, ಕೆಳಗೆ ಗೂಬೆಗಳು ಕಾರಿದ ಉಂಡೆಗಳು, ಇಷ್ಟೇ. ಉಂಡೆಯೊಂದನ್ನು ಕಡ್ಡಿಯಿಂದ ಬಿಡಿಸಿದರೆ ಇಲಿಯ ದವಡೆಗಳೂ ಬೂದು ಕೂದಲೂ ಸಿಗುತ್ತವೆ. ಮರಿಗಳು ಎರಡು, ಮೈತುಂಬ ಮಾಸಲು ತುಪ್ಪಳ, ಆದರೆ ಕಣ್ಣು ಆಗಲೇ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಗಣಿಯ ಆಚೆ ಅಂಚಿನಲ್ಲಿ ಯಾರಾದರೂ ಕಾಣಿಸಿಕೊಂಡರೆ ಸಾಕು, ದೊಡ್ಡ ಹಕ್ಕಿ ಎದ್ದು ಎದುರು ಬಂಡೆಗೆ ಹೋಗಿ ಕೂರುತ್ತದೆ, ಮರಿಗಳು ಬಿಸಿಲಿನಲ್ಲಿ ಉಳಿಯುತ್ತವೆ.

ದೂರದಿಂದ ತೆಗೆದ ಒಂದು ಚಿತ್ರವನ್ನು ಜಾಗದ ಹೆಸರಿಲ್ಲದೆ ಹಕ್ಕಿ ನೋಡುವವರ ವಾಟ್ಸ್‌ಆ್ಯಪ್ ಗುಂಪೊಂದಕ್ಕೆ ಹಾಕಿದ್ದೆ. ಅಂದಿನಿಂದ ಲೊಕೇಶನ್ ಕೇಳುವವರ ಸಂದೇಶಗಳು ನಿಂತಿಲ್ಲ. ಕೇಳುವವರಲ್ಲಿ ಹೆಚ್ಚಿನವರು ಪರಿಚಿತರು, ಕೆಲವರು ನನಗೆ ಹಿಂದೆ ಬೇರೆ ಹಕ್ಕಿಗಳ ಜಾಗಗಳನ್ನು ಧಾರಾಳವಾಗಿ ಹೇಳಿಕೊಟ್ಟವರು. ಕೊಡಲಾರೆ ಎಂದಾಗ, ಹಕ್ಕಿ ನಿನ್ನ ಸ್ವಂತದ ಆಸ್ತಿಯೇ ಎಂಬ ಪ್ರಶ್ನೆಯೂ ಬಂತು. ಆ ಪ್ರಶ್ನೆ ನ್ಯಾಯವಾದದ್ದೇ ಎಂದು ನನಗೆ ಅನ್ನಿಸುತ್ತದೆ.

ಇಷ್ಟೇ ಆಗಿದ್ದರೆ ಬಾಯಿಮುಚ್ಚಿಕೊಂಡು ಮರಿಗಳು ಹಾರುವವರೆಗೆ ಕಾಯುತ್ತಿದ್ದೆ. ಆದರೆ ಆ ಗಣಿಯನ್ನು ಮತ್ತೆ ಗುತ್ತಿಗೆಗೆ ಕೊಡುತ್ತಾರೆ ಎಂಬ ಮಾತು ಊರಿನಲ್ಲಿ ಓಡಾಡುತ್ತಿದೆ. ಅಲ್ಲಿ ಇಂಥದೊಂದು ಹಕ್ಕಿ ನೆಲೆಸಿದೆ ಎಂಬುದಕ್ಕೆ ಎಲ್ಲಿಯೂ ದಾಖಲೆಯಿಲ್ಲದಿದ್ದರೆ, ನಾಳೆ ಸಿಡಿಮದ್ದು ಇಡುವಾಗ ಆಕ್ಷೇಪಿಸಲು ನಮ್ಮ ಕೈಯಲ್ಲಿ ಏನಿರುತ್ತದೆ? ಮುಚ್ಚಿಟ್ಟರೆ ಕ್ಯಾಮೆರಾದವರಿಂದಲೂ ಕಳ್ಳಬೇಟೆಯವರಿಂದಲೂ ಉಳಿಯುತ್ತದೆ, ಗಣಿಯವರಿಂದ ಉಳಿಯುವುದಿಲ್ಲ; ಬಿಚ್ಚಿಟ್ಟರೆ ಅದೇ ತಿರುಗುಮುರುಗಾಗುತ್ತದೆ. ಅನುಭವವಿರುವವರು ಏನು ಮಾಡುತ್ತೀರಿ?

ಉತ್ತರ 1: ಪಟ್ಟಿ ಬರೆಯುವವಳು

ಮೊದಲು ನಿಮ್ಮ ಪ್ರಶ್ನೆಯ ಬಗೆಗೇ ಒಂದು ಮಾತು. ಊರಿನ ಹೆಸರನ್ನೂ ತಾಲ್ಲೂಕಿನ ಹೆಸರನ್ನೂ ಬಿಟ್ಟಿದ್ದೀರಿ, ಒಳ್ಳೆಯದು. ಆದರೆ ನಿಂತುಹೋದ ಕಲ್ಲುಗಣಿ, ಕೆರೆಯ ಕೋಡಿ, ಗಾಳಿಯಂತ್ರಗಳ ಸಾಲು ಎಂಬ ಮೂರು ಗುರುತುಗಳನ್ನು ಹಿಡಿದುಕೊಂಡು ಉಪಗ್ರಹ ನಕ್ಷೆಯ ಮುಂದೆ ಒಂದು ಸಂಜೆ ಕುಳಿತವರಿಗೆ ಆ ಜಾಗ ಸಿಕ್ಕಿಬಿಡುತ್ತದೆ. ಚಿತ್ರಗಳ ವಿಷಯದಲ್ಲೂ ಹೀಗೆಯೇ. ಫೋನಿನಲ್ಲಿ ತೆಗೆದ ಚಿತ್ರದೊಳಗೆ ಅಕ್ಷಾಂಶ ರೇಖಾಂಶಗಳು ಅಡಗಿರಬಹುದು, ಅದನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದರೆ ಅವೂ ಜೊತೆಗೆ ಹೋಗುತ್ತವೆ ಎಂಬುದು ಈಗ ಬಹಳ ಮಂದಿಗೆ ಗೊತ್ತು. ಆದರೆ ಹಕ್ಕಿಯ ಹಿಂದೆ ಕಾಣುವ ಬಂಡೆಯ ಆಕಾರ, ವಿದ್ಯುತ್ ಗೋಪುರ, ದೇವಸ್ಥಾನದ ಶಿಖರ ಇವು ಊರಿನವರಿಗೆ ಯಾವ ಅಕ್ಷಾಂಶಕ್ಕೂ ಕಡಿಮೆಯಲ್ಲದ ಸುಳಿವುಗಳು ಎಂಬುದು ಹೊಳೆಯುವುದಿಲ್ಲ.

ಈಗ ದಾಖಲೆಯ ಮಾತು. ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣವು 2017ರಲ್ಲಿ ಸೂಕ್ಷ್ಮ ಪ್ರಭೇದಗಳ ನೀತಿಯೊಂದನ್ನು ತಂದಿತು. ಬೇಟೆ, ಪಂಜರದ ವ್ಯಾಪಾರ ಅಥವಾ ಜನರ ಕಾಟದಿಂದ ನೇರವಾಗಿ ಅಪಾಯವಿರುವ ಹಕ್ಕಿಗಳನ್ನು ಆ ಪಟ್ಟಿಗೆ ಸೇರಿಸುತ್ತಾರೆ. ಅವುಗಳ ದಾಖಲೆಗಳು ಹೊರಗಿನವರಿಗೆ ಇಪ್ಪತ್ತು ಕಿಲೋಮೀಟರ್ ಉದ್ದ, ಇಪ್ಪತ್ತು ಕಿಲೋಮೀಟರ್ ಅಗಲದ, ಅಂದರೆ 400 ಚದರ ಕಿಲೋಮೀಟರಿನ ಚೌಕದ ಮಟ್ಟದಲ್ಲಿ ಮಾತ್ರ ಕಾಣುತ್ತವೆ, ಅಲರ್ಟ್‌ಗಳಲ್ಲಿ ಬರುವುದಿಲ್ಲ. ಎರೆಭೂತದಂಥ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಅಳಿವಿನಂಚಿನ ಹಕ್ಕಿಗೆ ಇದು ದೊಡ್ಡ ರಕ್ಷಣೆ. ಆದರೆ ನಿಮ್ಮ ಗೂಬೆಗೆ ಇದರಿಂದ ಪ್ರಯೋಜನವಿಲ್ಲ. ಅಳಿವಿನ ಅಪಾಯವನ್ನು ಅಳೆಯುವ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಕೊಂಬಿನ ಗೂಬೆ ಅತ್ಯಂತ ಕಡಿಮೆ ಕಾಳಜಿಯ ವರ್ಗದ ಹಕ್ಕಿ. ಬಯಲುಸೀಮೆಯ ಬಂಡೆಗುಡ್ಡಗಳಲ್ಲಿ ಅಪರೂಪವೂ ಅಲ್ಲ. ತಂತ್ರಾಂಶ ತಾನಾಗಿ ಅದನ್ನು ಮರೆಮಾಡುವುದಿಲ್ಲ.

ನನಗೆ ಅನ್ನಿಸುವ ಮುಖ್ಯವಾದ ಅಂಶ ಇಲ್ಲಿಯೇ ಇದೆ. ಜಾಗವನ್ನು ಹೇಳಬೇಕೇ ಬೇಡವೇ ಎಂಬುದನ್ನು ನಾವು ಹಕ್ಕಿ ಎಷ್ಟು ಅಪರೂಪ ಎಂಬುದರಿಂದ ಅಳೆಯುತ್ತೇವೆ. ಅಳೆಯಬೇಕಾದದ್ದು ಆ ಹಕ್ಕಿ ಆ ಜಾಗಕ್ಕೆ ಎಷ್ಟು ಕಟ್ಟುಬಿದ್ದಿದೆ ಎಂಬುದರಿಂದ. ದಾರಿ ತಪ್ಪಿ ಬಂದ ಒಂದು ವಲಸೆ ಹಕ್ಕಿ ಕೆರೆಯ ನಡುವಿನ ಕೆಸರಿನಲ್ಲಿ ಮೇಯುತ್ತಿದ್ದರೆ, ಏರಿಯ ಮೇಲೆ ನಿಂತು ನೂರು ಜನ ನೋಡಿದರೂ ಅದಕ್ಕೆ ಆಗುವ ನಷ್ಟ ಅಲ್ಪ, ಬೇಡವೆನಿಸಿದರೆ ಅದು ಇನ್ನೊಂದು ಕೆರೆಗೆ ಹಾರುತ್ತದೆ. ರಾಜ್ಯಕ್ಕೇ ಅದು ಮೊದಲ ದಾಖಲೆಯಾಗಿದ್ದರೂ ಅಂಥದ್ದನ್ನು ಅಂದೇ ಎಲ್ಲರಿಗೂ ಹೇಳುವವಳು ನಾನು. ಗೂಡಿನ ಮೇಲಿರುವ ಹಕ್ಕಿಗೆ ಹಾಗೆ ಹಾರುವ ಅವಕಾಶವಿಲ್ಲ. ಅದರಲ್ಲೂ ಕೊಂಬಿನ ಗೂಬೆ ಅದೇ ಬಂಡೆಗೆ ವರ್ಷ ವರ್ಷ ಮರಳುವ ಹಕ್ಕಿ.

ಆದ್ದರಿಂದ ಇ-ಬರ್ಡ್‌ನಲ್ಲಿ ಚೆಕ್‌ಲಿಸ್ಟ್ (ಕಂಡ ಹಕ್ಕಿಗಳ ಪಟ್ಟಿ) ಬರೆಯಿರಿ, ಆದರೆ ಅದನ್ನು ಸಾರ್ವಜನಿಕರಿಗೆ ಕಾಣದಂತೆ ಮರೆಮಾಡುವ ಆಯ್ಕೆಯನ್ನು ಬಳಸಿ. ನಿಮ್ಮ ಲೆಕ್ಕದಲ್ಲಿ ಅದು ದಿನಾಂಕ ಸಮೇತ ಉಳಿಯುತ್ತದೆ, ಬೇಕಾದಾಗ ತೆರೆಯಬಹುದು. ಜಾಗವನ್ನು ಹಾಟ್‌ಸ್ಪಾಟ್ (ಎಲ್ಲರೂ ಬಳಸುವ ಸಾರ್ವಜನಿಕ ಸ್ಥಳ) ಮಾಡದೆ ಖಾಸಗಿ ಸ್ಥಳವಾಗಿ ಗುರುತಿಸಿದರೆ ಸಾಕು ಎಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಖಾಸಗಿ ಸ್ಥಳದ ಬಿಂದುವೂ ಪ್ರಭೇದದ ನಕ್ಷೆಯಲ್ಲಿ ಎಲ್ಲರಿಗೂ ಕಾಣುತ್ತದೆ. ಜೀವಿಗಳನ್ನು ದಾಖಲಿಸುವ ಇನ್ನೊಂದು ತಾಣವಾದ ಐನ್ಯಾಚುರಲಿಸ್ಟ್ ಬಳಸುವವರಾದರೆ ಪ್ರತಿ ದಾಖಲೆಗೂ ಸ್ಥಳವನ್ನು ಮಸುಕಾಗಿಸುವ ಆಯ್ಕೆಯಿದೆ. ಆಗ ಸುಮಾರು 0.2 ಡಿಗ್ರಿ ಅಗಲದ ಚೌಕದೊಳಗೆ ಎಲ್ಲಿಯೋ ಒಂದು ಯಾದೃಚ್ಛಿಕ ಬಿಂದು ತೋರುತ್ತದೆ.

ಕಳ್ಳಬೇಟೆಯ ಭಯ ಉತ್ಪ್ರೇಕ್ಷೆಯಲ್ಲ. ಗೂಬೆಗಳ ಕಳ್ಳಸಾಗಣೆಯ ಬಗ್ಗೆ, ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆ 2010ರಲ್ಲಿ ಹೊರತಂದ ವರದಿಯಲ್ಲಿ ಭಾರತದ 15 ಪ್ರಭೇದಗಳು ವ್ಯಾಪಾರದಲ್ಲಿ ಕಂಡಿವೆ ಎಂದಿತ್ತು. ಮಾಟಮಂತ್ರದ ನಂಬಿಕೆಯೇ ಇದರ ಬೇರು. ದೀಪಾವಳಿಯ ಅಮಾವಾಸ್ಯೆಯ ಹೊತ್ತಿಗೆ ಬೇಡಿಕೆ ಏರುತ್ತದೆ, ತಲೆಯ ಮೇಲೆ ಕೊಂಬಿನಂತೆ ಗರಿಯಿರುವ ದೊಡ್ಡ ಗೂಬೆಗಳಿಗೆ ಬೆಲೆ ಹೆಚ್ಚು. ನಿಮ್ಮ ಗುಂಪಿನಲ್ಲಿ ಇರುವವರೆಲ್ಲರೂ ಸಜ್ಜನರೇ ಇರಬಹುದು. ಆದರೆ ಪಿನ್ ಒಂದನ್ನು ಫಾರ್ವರ್ಡ್ ಮಾಡಲು ದುರುದ್ದೇಶ ಬೇಕಾಗಿಲ್ಲ.

ಉತ್ತರ 2: ಕಾಳಿ ದಂಡೆಯ ಗೈಡು

ಮೇಲಿನವರ ಮಾತುಗಳಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಆದರೂ ಜಾಗ ಹೇಳಬಾರದು ಎಂಬ ನಿಯಮವನ್ನು ಹಕ್ಕಿ ನೋಡುವವರು ಪಠಿಸುವಾಗ ಅದರಲ್ಲಿ ಸ್ವಲ್ಪ ಮೇಲುಗಾರಿಕೆ ಇರುತ್ತದೆ ಎಂಬುದನ್ನು ಹೇಳಲೇಬೇಕು. ತಾವು ನೋಡಿ, ಚಿತ್ರ ತೆಗೆದು, ಪಟ್ಟಿಗೆ ಸೇರಿಸಿಕೊಂಡ ಮೇಲೆ ಹಿಂದಿನಿಂದ ಬರುವವರಿಗೆ ಬಾಗಿಲು ಹಾಕುವುದು ಸುಲಭ. ಆಯ್ದ ಐದಾರು ಗೆಳೆಯರಿಗೆ ಮಾತ್ರ ಗುಟ್ಟಿನಲ್ಲಿ ಹೇಳುವ ಪದ್ಧತಿಯಂತೂ ನೀತಿಯೇ ಅಲ್ಲ, ಅದು ಬರೀ ಕೂಟ.

ನಾನಿರುವ ದಾಂಡೇಲಿ, ಜೋಯಿಡಾ ಕಡೆ ನಾಲ್ಕು ಬಗೆಯ ಮಂಗಟ್ಟೆಗಳಿವೆ (ಹಾರ್ನ್‌ಬಿಲ್). 2011ರಲ್ಲಿ ಅವುಗಳಿಗೆಂದೇ ಸಂರಕ್ಷಣಾ ಮೀಸಲು ಘೋಷಣೆಯಾಯಿತು, 2018ರಲ್ಲಿ ಅರಣ್ಯ ಇಲಾಖೆಯೇ ಮಂಗಟ್ಟೆ ಹಬ್ಬ ನಡೆಸಿತು. ಇಲ್ಲಿಗೆ ಮಂಗಟ್ಟೆ ನೋಡಲು ಜನ ಬರುತ್ತಾರೆ ಎಂಬ ಕಾರಣದಿಂದಲೇ ಹತ್ತಾರು ಮನೆಗಳಲ್ಲಿ ಒಲೆ ಉರಿಯುತ್ತಿದೆ, ಹಣ್ಣಿನ ಮರ ಕಡಿಯಬೇಡಿ ಎಂದರೆ ಊರವರು ಕೇಳುತ್ತಾರೆ. ದಾಂಡೇಲಿಯ ಮರದ ಡಿಪೋದಲ್ಲಿ ಸಂಜೆ ಸೇರುವ ಮಲಬಾರ್ ದಾಸ ಮಂಗಟ್ಟೆಗಳು ಯಾರಿಗೂ ಗುಟ್ಟಲ್ಲ. ಎತ್ತರದ ಮರಗಳ ಮೇಲೆ ಕೂರುವ ಹಕ್ಕಿಗೆ ರಸ್ತೆಯ ಜನರಿಂದ ತೊಂದರೆಯೂ ಇಲ್ಲ. ಯಾವ ಜಾಗವನ್ನೂ ಹೇಳದಿದ್ದರೆ ಇದೊಂದೂ ಆಗುತ್ತಿರಲಿಲ್ಲ.

ಗೂಡಿನ ವಿಷಯ ಬೇರೆ, ಅದನ್ನು ಗೈಡುಗಳಾದ ನಾವು ಹತ್ತಿರದಿಂದ ಕಂಡಿದ್ದೇವೆ. ಮಂಗಟ್ಟೆಯ ಹೆಣ್ಣು ಪೊಟರೆಯೊಳಗೆ ಸೇರಿ, ಒಂದು ಸೀಳು ಮಾತ್ರ ಬಿಟ್ಟು ಪೊಟರೆಯ ಬಾಯಿಯನ್ನು ಮೆತ್ತಿಕೊಂಡ ಮೇಲೆ ಮೂರು ನಾಲ್ಕು ತಿಂಗಳು ಅದಕ್ಕೂ ಮರಿಗೂ ಗಂಡು ತಂದುಕೊಟ್ಟದ್ದೇ ಊಟ. ಗಂಡು ಬಂದು ಮೊದಲು ಪಕ್ಕದ ಮರದಲ್ಲಿ ಕೂರುತ್ತದೆ, ಕತ್ತು ಉದ್ದ ಮಾಡಿ ಕೆಳಗೆ ನೋಡುತ್ತದೆ, ನೆಮ್ಮದಿಯಾದ ಮೇಲಷ್ಟೇ ಪೊಟರೆಗೆ ಹಾರಿ, ಗಂಟಲಿನಿಂದ ಒಂದೊಂದೇ ಅತ್ತಿಹಣ್ಣನ್ನು ಮೇಲೆ ತಂದು ಆ ಸೀಳಿನೊಳಗೆ ದಾಟಿಸುತ್ತದೆ. ಕೆಳಗೆ ಟ್ರೈಪಾಡುಗಳ ಸಾಲು ನಿಂತಿದ್ದರೆ ಗಂಟಲಲ್ಲಿ ಹಣ್ಣು ಇಟ್ಟುಕೊಂಡೇ ಪಕ್ಕದ ಮರದಲ್ಲಿ ಕುಳಿತಿರುತ್ತದೆ, ಕೊನೆಗೆ ಉಣಿಸದೆ ಹೊರಟುಹೋಗುತ್ತದೆ. ಬಂದ ಅತಿಥಿಗೆ ಇದು ತಿಳಿಯುವುದಿಲ್ಲ. ಹಕ್ಕಿ ಬಂತು, ಚಿತ್ರ ಸಿಕ್ಕಿತು, ಹಕ್ಕಿ ಹೋಯಿತು, ಅಷ್ಟೇ. ಅದು ಉಣಿಸದೆ ಹೋಯಿತು ಎಂಬುದು ದಿನವೂ ನೋಡುವವನಿಗೆ ಮಾತ್ರ ಗೊತ್ತು.

ಆದ್ದರಿಂದ ನನ್ನ ಕಟ್ಟಳೆ ಹೀಗಿದೆ. ಗೂಡಿಗೆ ಕರೆದೊಯ್ಯುವುದಿಲ್ಲ, ಯಾರು ಎಷ್ಟು ಕೊಟ್ಟರೂ. ಹಣ್ಣಿನ ಮರಕ್ಕೆ, ಸಂಜೆಯ ತಂಗುದಾಣಕ್ಕೆ, ನೀರಿನ ತೊಟ್ಟಿಗೆ ಕರೆದೊಯ್ಯುತ್ತೇನೆ, ಆ ಜಾಗಗಳನ್ನು ಬಚ್ಚಿಡುವುದೂ ಇಲ್ಲ. ಹಗಲು ಮಲಗಿರುವ ಕಪ್ಪೆಬಾಯಿ ಹಕ್ಕಿಯ ಜಾಗವನ್ನು ಫೋನಿನಲ್ಲಿ ಹೇಳುವುದಿಲ್ಲ, ಜೊತೆಯಲ್ಲಿ ನಾನೇ ಇದ್ದು ತೋರಿಸುತ್ತೇನೆ. ಜೊತೆಯಲ್ಲಿದ್ದರೆ ಕೊಂಬೆ ಸರಿಸುವ ಕೈಯನ್ನು ಹಿಡಿಯಬಹುದು. ಧ್ವನಿಮುದ್ರಿಕೆ ಹಾಕಿ ಹಕ್ಕಿ ಕರೆಯುವುದನ್ನೂ ಬಿಟ್ಟಿದ್ದೇನೆ, ಇದರಿಂದ ಕೆಲವು ಗಿರಾಕಿಗಳು ಬೇರೆಯವರ ಕಡೆ ಹೋಗಿದ್ದಾರೆ.

ಬಯಲುಸೀಮೆಯವರಿಗೆ ನಾನು ಹೇಳುವುದು ಇಷ್ಟು: ಕೇಳಿದವರಿಗೆ ಬರೀ ಇಲ್ಲ ಎನ್ನಬೇಡಿ. ಕೊಂಬಿನ ಗೂಬೆ ಮುಸ್ಸಂಜೆಯಲ್ಲಿ ಬಂಡೆಯ ತುದಿಗೆ ಬಂದು ಕೂಗುವ, ಗೂಡಿಲ್ಲದ ಬೇರೊಂದು ಗುಡ್ಡ ನಿಮ್ಮ ಕಡೆ ಖಂಡಿತ ಇರುತ್ತದೆ. ರಸ್ತೆಯಲ್ಲಿ ನಿಂತು ನೋಡುವಂಥ ಆ ಜಾಗವನ್ನು ಹೇಳಿ. ನೋಡುವ ಆಸೆ ತಪ್ಪಲ್ಲವಲ್ಲ.

ಉತ್ತರ 3: ಎರೆಹೊಲ

ನಾನು ಬಳ್ಳಾರಿ ಜಿಲ್ಲೆಯವನು, ನಮ್ಮದು ಸಿರುಗುಪ್ಪದ ಕಡೆಯ ಎರೆಭೂಮಿ. ಗೂಬೆಯ ಬಗ್ಗೆ ನಾನು ಹೇಳಬಹುದಾದದ್ದು ಕಡಿಮೆ, ಎರೆಭೂತದ ಬಗ್ಗೆ ಸ್ವಲ್ಪ ಹೇಳಬಲ್ಲೆ. ಇಡೀ ದೇಶದ ಬಯಲುಗಳಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು ಎನ್ನುತ್ತಾರೆ, ಅದರಲ್ಲಿ ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರಿನಲ್ಲಿ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಒಂದು ಕಾಲಕ್ಕೆ ಇತ್ತು, ಈಗಿಲ್ಲ. ನಮ್ಮ ಕಡೆ ಬೆರಳೆಣಿಕೆಯಷ್ಟು. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ. ಕಾರು ನೋಡಿ ಹೆಣ್ಣು ಎದ್ದು ನಡೆದರೆ ಆ ಮೊಟ್ಟೆ ಕಾಗೆಗೋ ನಾಯಿಗೋ ಹೋಗುತ್ತದೆ, ಆ ವರ್ಷದ ಕಥೆ ಅಲ್ಲಿಗೆ ಮುಗಿಯುತ್ತದೆ.

ಇಂಥ ಹಕ್ಕಿಯ ಜಾಗವನ್ನು ಮುಚ್ಚಿಡಬೇಕು ಎಂಬುದರಲ್ಲಿ ತಕರಾರಿಲ್ಲ. ಆದರೆ ಯಾರಿಂದ ಮುಚ್ಚಿಡುವುದು ಎಂದು ಕೇಳುತ್ತೇನೆ. ಈ ಚರ್ಚೆ ಎಲ್ಲಿ ನಡೆದರೂ ನಗರದಿಂದ ಬಂದ ಹಕ್ಕಿಪ್ರಿಯರೇ ಜಾಗವನ್ನು ಕಂಡುಹಿಡಿದವರು ಎಂಬ ಹಾಗೆ ಮಾತು ಸಾಗುತ್ತದೆ. ನಮ್ಮ ಕುರಿಗಾಹಿಗಳಿಗೆ ಆ ಹಕ್ಕಿ ಯಾವ ತಿಂಗಳಲ್ಲಿ ಯಾವ ಹೊಲದಲ್ಲಿರುತ್ತದೆ ಎಂಬುದು ಅವರ ಅಪ್ಪಂದಿರ ಕಾಲದಿಂದ ಗೊತ್ತು. 1900ರ ನಂತರ ಯಾರಿಗೂ ಕಾಣದೆ ಅಳಿದೇಹೋಯಿತು ಎಂದುಕೊಂಡಿದ್ದ ಜೆರ್ಡಾನ್ಸ್ ಕೋರ್ಸರ್ ಹಕ್ಕಿ 1986ರಲ್ಲಿ ಕಡಪ ಜಿಲ್ಲೆಯ ಲಂಕಮಲದ ಕುರುಚಲಿನಲ್ಲಿ ಮತ್ತೆ ಸಿಕ್ಕಿದ್ದು ಕೂಡ ಮೊದಲು ಅಲ್ಲಿನ ಒಬ್ಬ ಹಕ್ಕಿ ಹಿಡಿಯುವವನ ಕೈಗೆ. ಊರಿನವರಿಗೆ ಹೇಳದೆ ಜಾಗವನ್ನು ರಕ್ಷಿಸುತ್ತೇನೆ ಎನ್ನುವುದು, ಮನೆಯವರಿಂದ ಅವರ ಮನೆಯ ಬೀಗದ ಕೈಯನ್ನೇ ಬಚ್ಚಿಟ್ಟ ಹಾಗೆ.

ಕೊಕ್ಕರೆ ಬೆಳ್ಳೂರನ್ನು ನೋಡಿ. ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಇಡೀ ಲೋಕಕ್ಕೆ ಆ ಜಾಗ ಗೊತ್ತು, 2007ರಲ್ಲಿ ಅದು ಸಮುದಾಯ ಮೀಸಲೂ ಆಯಿತು. ಅಲ್ಲಿ ಗೂಡಿಗೆ ಕಲ್ಲು ಹೊಡೆಯಲು ಹೋದವನನ್ನು ಹಿಡಿಯಲು ಇಲಾಖೆಯ ಜೀಪು ಬರುವವರೆಗೆ ಕಾಯಬೇಕಾಗಿಲ್ಲ. ಎಲ್ಲ ಹಕ್ಕಿಗೂ ಇದು ಹೊಂದುವುದಿಲ್ಲ, ಒಪ್ಪುತ್ತೇನೆ. ಗೂಬೆ ಅಪಶಕುನ ಎನ್ನುವ ಊರಿನಲ್ಲಿ ಹೆಜ್ಜಾರ್ಲೆಗೆ ಸಿಗುವ ಆದರ ಅದಕ್ಕೆ ಸಿಗುವುದಿಲ್ಲ. ಆದರೆ ಗಣಿಯ ಪಕ್ಕದಲ್ಲಿ ಶೇಂಗಾ ಬೆಳೆಯುವವನ ಕೈಗೆ ನೀವು ಬಿಡಿಸಿ ನೋಡಿದ ಆ ಉಂಡೆಯನ್ನು ಕೊಟ್ಟು, ಅದರೊಳಗಿನ ಇಲಿಯ ದವಡೆಗಳನ್ನು ಅವನೇ ಎಣಿಸಲಿ. ಶಕುನದ ಮಾತು ಅಲ್ಲಿಂದ ಮುಂದೆ ಸ್ವಲ್ಪ ಮೆತ್ತಗಾಗುತ್ತದೆ. ಅಲ್ಲಿ ಹೊಸ ಬೈಕು ಬಂದು ನಿಂತದ್ದನ್ನು ಮೊದಲು ನೋಡುವವನು ಅವನೇ, ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನೀವಲ್ಲ.

ಉತ್ತರ 4: ಕಲಮು-ಉಪಕಲಮು

ಕಾನೂನಿನ ಭಾಗವನ್ನು ಮಾತ್ರ ಹೇಳುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬುದರ ವ್ಯಾಖ್ಯೆ ಕೊಲ್ಲುವುದಕ್ಕೂ ಹಿಡಿಯುವುದಕ್ಕೂ ಸೀಮಿತವಲ್ಲ. ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದು, ಆಮಿಷ ಒಡ್ಡುವುದು ಇವೂ ಅದೇ ವ್ಯಾಖ್ಯೆಯೊಳಗೆ ಬರುತ್ತವೆ. ಹೀಗಾಗಿ ಮರಿಗಳ ಚಿತ್ರಕ್ಕಾಗಿ ಬಂಡೆ ಹತ್ತುವವನು ತಾನು ಬರೀ ಛಾಯಾಗ್ರಾಹಕ ಎಂದು ಹೇಳಿಕೊಂಡರೆ ಸಾಲದು. ಗುಂಪಿನಲ್ಲಿ ಕೇಳುವವರಿಗೆ ಈ ಒಂದು ವಾಕ್ಯವನ್ನು ಕಳಿಸಿ ನೋಡಿ, ಸಂದೇಶಗಳು ಕಡಿಮೆಯಾಗುತ್ತವೆ.

ಗಣಿಯ ವಿಷಯ. ಐದು ಹೆಕ್ಟೇರಿಗಿಂತ ಕಡಿಮೆ ವಿಸ್ತೀರ್ಣದ ಉಪಖನಿಜ ಗಣಿಗೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟು 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಗುತ್ತಿಗೆಯ ಮಾತು ನಿಜವಾದರೆ ನಿಮ್ಮ ಆಕ್ಷೇಪಕ್ಕೆ ಒಂದು ಕಟ್ಟೆ ಇದೆ. ಅಲ್ಲಿ ಬೇಕಾಗುವುದು ಸಾವಿರ ಜನ ಹಂಚಿಕೊಂಡ ಚಿತ್ರವಲ್ಲ. ದಿನಾಂಕ, ಸಮಯ, ಅಕ್ಷಾಂಶ ರೇಖಾಂಶ, ಸರ್ವೆ ನಂಬರು, ಯಾರು ಕಂಡರು, ಗೂಡಿನಲ್ಲಿ ಏನಿತ್ತು ಎಂಬ ಟಿಪ್ಪಣಿ, ಮತ್ತು ಅದನ್ನು ಅರಣ್ಯ ಇಲಾಖೆಗೆ ಮೊದಲೇ ಬರೆದು ತಿಳಿಸಿದ್ದಕ್ಕೆ ಸ್ವೀಕೃತಿ. ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಈಗಲೇ ಪತ್ರ ಕೊಡಿ, ಗುತ್ತಿಗೆಯ ಸುದ್ದಿ ಖಚಿತವಾಗುವವರೆಗೆ ಕಾಯಬೇಡಿ. ವಿವಾದ ಹುಟ್ಟಿದ ಮೇಲೆ ಬರೆದ ಪತ್ರಕ್ಕೂ ಅದಕ್ಕೆ ಮುಂಚಿನ ಪತ್ರಕ್ಕೂ ತೂಕ ಒಂದೇ ಅಲ್ಲ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ನಿಮ್ಮ ಗ್ರಾಮ ಪಂಚಾಯಿತಿಗೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಡಬೇಕು. ಬಹಳ ಕಡೆ ಅದು ಕಪಾಟಿನಲ್ಲಿ ಮಲಗಿರುವ ಪುಸ್ತಕ ಎಂಬುದು ನನಗೂ ಗೊತ್ತು. ಆದರೂ ಕೊಂಬಿನ ಗೂಬೆ ಈ ಪಂಚಾಯಿತಿಯ ಬಂಡೆಗಳಲ್ಲಿ ಸಂತಾನ ಬೆಳೆಸುತ್ತದೆ ಎಂಬ ಒಂದು ಸಾಲು ಅದರಲ್ಲಿದ್ದರೆ, ಅನುಮತಿಯ ಅರ್ಜಿಯಲ್ಲಿ ಇಲ್ಲಿ ವನ್ಯಜೀವಿಗಳಿಲ್ಲ ಎಂದು ಬರೆಯುವುದು ಕಷ್ಟವಾಗುತ್ತದೆ. ಬಿಂದುವನ್ನು ಅಲ್ಲಿ ಬರೆಸಬೇಕಾಗಿಲ್ಲ.

ಪ್ರಶ್ನೆ ಕೇಳಿದವರಿಂದ: ಬಯಲುಸೀಮೆಯವನು

ಎಲ್ಲರಿಗೂ ಕೃತಜ್ಞತೆಗಳು. ಪಟ್ಟಿ ಬರೆಯುವವರ ಆತಂಕಕ್ಕೆ ಮೊದಲು ಉತ್ತರ: ನಾನು ಬರೆದ ಮೂರು ಗುರುತುಗಳಲ್ಲಿ ಎರಡನ್ನು ಬೇಕೆಂದೇ ಬದಲಿಸಿದ್ದೇನೆ, ಆದ್ದರಿಂದ ಉಪಗ್ರಹ ನಕ್ಷೆಯ ಮುಂದೆ ಯಾರಾದರೂ ಸಂಜೆ ಕಳೆದರೆ ಅದು ಅವರ ಕಣ್ಣಿಗೆ ವ್ಯಾಯಾಮ.

ಎರೆಹೊಲದವರ ಮಾತು ನನ್ನನ್ನು ಹೆಚ್ಚು ತಟ್ಟಿತು. ಗಣಿಯ ಪಕ್ಕದ ಹೊಲದವರು ಯಾರೆಂದು ಗೊತ್ತು, ಅವರ ಕುರಿಗಳು ಗಣಿಯೊಳಗೇ ಮೇಯುತ್ತವೆ, ಗೂಬೆಯನ್ನು ಅವರು ನನಗಿಂತ ಮೊದಲೇ ಕಂಡಿದ್ದಾರೆ. ಪತ್ರವನ್ನು ನನ್ನೊಬ್ಬನ ಹೆಸರಿನಲ್ಲಿ ಕೊಡುವ ಬದಲು ಅವರ ಸಹಿಯನ್ನೂ ಸೇರಿಸಿ ಕೊಡುವ ಯೋಚನೆ ಬಂದಿದೆ. ಅವರಿಗೆ ಗಣಿಯ ವಿರುದ್ಧ ತಮ್ಮದೇ ಕಾರಣಗಳಿವೆ, ಹಿಂದಿನ ಸಲ ಸಿಡಿತದ ಕಲ್ಲು ಹೊಲಕ್ಕೆ ಬೀಳುತ್ತಿತ್ತಂತೆ. ಗುಂಪಿನ ಗೆಳೆಯರಿಗೆ ಗೈಡು ಹೇಳಿದ ಹಾಗೆ ಬೇರೊಂದು ಗುಡ್ಡದ ರಸ್ತೆಬದಿಯನ್ನು ಸೂಚಿಸುತ್ತೇನೆ. ಅಲ್ಲಿ ಗೂಡಿಲ್ಲ ಎಂಬುದನ್ನು ಮಾತ್ರ ಮೊದಲು ಖಚಿತಪಡಿಸಿಕೊಳ್ಳಬೇಕು.

ಉಳಿದಿರುವ ಅನುಮಾನ ಎರಡು. ಇಲಾಖೆಗೆ ಕೊಟ್ಟ ಪತ್ರವೇ ಫೋಟೋ ಆಗಿ ಗುಂಪುಗಳಲ್ಲಿ ಓಡಾಡಿದರೆ ಏನು ಮಾಡುವುದು? ಮರಿಗಳು ಹಾರಿದ ಮೇಲೆ ಮರೆಮಾಡಿದ ಚೆಕ್‌ಲಿಸ್ಟನ್ನು ತೆರೆಯಬಹುದೇ?

ಉತ್ತರ 5: ಪಟ್ಟಿ ಬರೆಯುವವಳು

ಪತ್ರ ಸೋರುವುದು ನಿಜವಾದ ಅಪಾಯ, ನಮ್ಮ ಕಡೆ ಆಗಿದೆ. ಅದಕ್ಕೆ ನಾವು ಕಂಡುಕೊಂಡ ಉಪಾಯ ಪತ್ರವನ್ನು ಎರಡು ಭಾಗ ಮಾಡುವುದು. ಮೊದಲ ಪುಟದಲ್ಲಿ ವಿಷಯ, ಪ್ರಭೇದ, ಗ್ರಾಮ ಪಂಚಾಯಿತಿ, ಕೋರಿಕೆ ಇರಲಿ, ಸ್ವೀಕೃತಿಯ ಮುದ್ರೆಯೂ ಅದರ ಮೇಲೆಯೇ ಬೀಳಲಿ. ಸರ್ವೆ ನಂಬರು, ಬಿಂದು ಮತ್ತು ಗೂಡಿನ ಚಿತ್ರ ಎರಡನೆಯ ಪುಟದಲ್ಲಿ, ಮುಚ್ಚಿದ ಲಕೋಟೆಯಲ್ಲಿ, ಅಧಿಕಾರಿಯ ಹೆಸರಿಗೆ ಹೋಗಲಿ, ಲಕೋಟೆ ಲಗತ್ತಿಸಿದೆ ಎಂಬುದನ್ನು ಮೊದಲ ಪುಟದಲ್ಲಿ ನಮೂದಿಸಿ. ಗುಂಪುಗಳಲ್ಲಿ ಓಡಾಡುವುದು ಯಾವಾಗಲೂ ಮುದ್ರೆ ಬಿದ್ದ ಪುಟವೇ.

ಚೆಕ್‌ಲಿಸ್ಟಿನ ವಿಷಯದಲ್ಲಿ, ಮರಿಗಳು ಹಾರಿದ ತಕ್ಷಣ ತೆರೆಯಬೇಡಿ. ಹಾರಲು ಕಲಿತ ಮೇಲೂ ಅವು ಹಲವು ತಿಂಗಳು ತಂದೆತಾಯಿಗಳ ಜೊತೆಗೇ ಆ ಸುತ್ತಿನಲ್ಲಿ ಇರುತ್ತವೆ, ಜೋಡಿಯಂತೂ ವರ್ಷವಿಡೀ ಅದೇ ಗುಡ್ಡದ್ದು, ದೀಪಾವಳಿಗೂ ಅಲ್ಲಿಯೇ ಇರುತ್ತದೆ. ಮಂಗಟ್ಟೆಯ ಪೊಟರೆಯನ್ನಾಗಲೀ ಗೂಬೆಯ ಬಂಡೆಯನ್ನಾಗಲೀ ಈ ವರ್ಷದ ಗುಟ್ಟು ಎಂದು ತಿಳಿಯುವುದು ಸರಿಯಲ್ಲ. 2023ರ ದೇಶದ ಹಕ್ಕಿಗಳ ಸ್ಥಿತಿಗತಿ ವರದಿಯು ಸುಮಾರು 30,000 ಹಕ್ಕಿ ವೀಕ್ಷಕರ ಮೂರು ಕೋಟಿ ದಾಖಲೆಗಳಿಂದ 942 ಪ್ರಭೇದಗಳನ್ನು ಅಳೆಯಿತು. ಅಂಥ ಲೆಕ್ಕಕ್ಕೆ ನಿಮ್ಮ ಗೂಬೆಯೂ ಸೇರಬೇಕು ಎಂಬ ಆಸೆ ನನಗೂ ಇದೆ. ಅದಕ್ಕೆ ಗೂಡಿನ ಬಳಿಯ ಪಟ್ಟಿಯೇ ಬೇಕಾಗಿಲ್ಲ. ಅದೇ ಸುತ್ತಿನಲ್ಲಿ, ಗಣಿಯಿಂದ ಸಾಕಷ್ಟು ದೂರದ ಕೆರೆಯ ಏರಿಯ ಮೇಲೆ ಸಂಜೆ ಕುಳಿತು ಪಟ್ಟಿ ಬರೆಯಿರಿ; ಅಲ್ಲಿಂದ ಗೂಬೆಯ ಕೂಗು ಕೇಳಿದರೆ ಒಂದು ಎಂದು ಸೇರಿಸಿ, ಸಂತಾನದ ಕಾಲಂ ಖಾಲಿ ಬಿಡಿ. ನೀವು ಗುರುತುಗಳನ್ನು ಬದಲಿಸಿದ್ದೀರಿ ಎಂದಿರಿ, ಕೆರೆಯೇ ಇಲ್ಲದಿದ್ದರೆ ಬೇರೆ ಯಾವುದಾದರೂ ಬದು ಸಾಕು.